ಹಂಟ್‌ನಲ್ಲಿ ಓಡಿದ ಹಳೇ ಕುದುರೆ, ನಾಯಿ ಗುಂಪು ಕೂಗಿದರೆ ಹಿಡಿಯಲು ಆಗುತ್ತಿಲ್ಲ

ತಳಿ_ತೋಟದವ

ಎಲ್ಲರಿಗೂ ನಮಸ್ಕಾರ. ನಮ್ಮದು ಕೃಷ್ಣಗಿರಿ ಜಿಲ್ಲೆಯ ತಳಿ ಹತ್ತಿರ ಒಂದು ತೋಟ. ಮನೆಯಲ್ಲಿ 17 ವರ್ಷದ ಒಂದು ಗೆಲ್ಡಿಂಗ್ (ಬೀಜ ಒಡೆಸಿದ ಗಂಡು ಕುದುರೆ) ಇದೆ. ಇಲ್ಲಿಗೆ ಬರುವ ಮುಂಚೆ ನೀಲಗಿರಿಯಲ್ಲಿ ಹಂಟ್ ಕುದುರೆಯಾಗಿತ್ತು, ಹೌಂಡ್‌ಗಳ, ಅಂದರೆ ಬೇಟೆ ನಾಯಿಗಳ ಹಿಂದೆ ಸವಾರನನ್ನು ಹೊತ್ತು ವರ್ಷಗಟ್ಟಲೆ ಓಡಿದೆ. ಈಗ ರಿಟೈರ್ಡ್. ಬುದ್ಧಿಯಲ್ಲಿ ಚಿನ್ನ. ಪಕ್ಕದಲ್ಲೇ ಟ್ರ್ಯಾಕ್ಟರ್ ಹೋದರೂ ತಲೆ ಎತ್ತುವುದಿಲ್ಲ, ಲಾರಿ ಹಾರ್ನ್‌ಗೂ ಅಷ್ಟೇ. ನಮ್ಮ ಮನೆ ನಾಯಿ ಲಾಯದಲ್ಲಿ ಇದರ ಕಾಲ ಹತ್ತಿರವೇ ಮಲಗುತ್ತದೆ.

ತೊಂದರೆ ಏನಪ್ಪಾ ಅಂದರೆ ಪಕ್ಕದ ತೋಟದವರು ಐದಾರು ಮುಧೋಳ ನಾಯಿ ಸಾಕಿದ್ದಾರೆ, ಸಂಜೆ ಅವನ್ನು ಬಯಲಿಗೆ ಬಿಡುತ್ತಾರೆ, ಅದನ್ನು ನೋಡಿ ಊರ ನಾಯಿಗಳೆಲ್ಲ ಒಟ್ಟಿಗೆ ಕೂಗಲು ಶುರು ಮಾಡುತ್ತವೆ, ಆಗ ಇವನು ಬೇರೆ ಕುದುರೆಯೇ ಆಗಿಬಿಡುತ್ತಾನೆ. ಕಿವಿ ನೆಟ್ಟಗೆ, ಬಾಲ ಮೇಲೆ, ಹೊಳ್ಳೆ ಅರಳಿಸಿ ನಿಂತಲ್ಲೇ ಕುಣಿತ. ಬೇಲಿ ಉದ್ದಕ್ಕೂ ಓಡಿ ಓಡಿ ಕತ್ತು, ಪಕ್ಕೆ ಎಲ್ಲ ಬೆವರು. ಜೀನಿನ ಮೇಲೆ ನಾನಿದ್ದರೆ ಅಡ್ಡಡ್ಡ ನಡೆಯುತ್ತಾನೆ, ಲಗಾಮು ಎಳೆದಷ್ಟೂ ಜಾಸ್ತಿ. ಒಬ್ಬರು ಗಟ್ಟಿ ಕಡಿವಾಣ ಹಾಕು ಅಂದರು, ಇನ್ನೊಬ್ಬರು ಕಣ್ಣಿಗೆ ಪಟ್ಟಿ ಕಟ್ಟು ಅಂದರು. ಅನುಭವ ಇರುವವರು ಹೇಳಿ.

ಗೂಡಲೂರು_ಘಾಟಿ

ಅಣ್ಣಾ, ಅದು ಹೆದರಿಕೆ ಅಲ್ಲ. ಹೆದರಿದ ಕುದುರೆ ನಾಯಿಯಿಂದ ದೂರ ಹೋಗಲು ನೋಡುತ್ತದೆ, ನಿಮ್ಮದು ನಾಯಿಗಳ ಕಡೆಗೇ ಹೋಗಲು ನೋಡುತ್ತಿದೆ ಅಲ್ವಾ? ಅದಕ್ಕೆ ಕೆಲಸಕ್ಕೆ ಕರೆದ ಹಾಗೆ ಅನ್ನಿಸುತ್ತಿದೆ. ಜಾತ್ರೆಯಲ್ಲಿ ತಮಟೆ ಕೇಳಿದರೆ ಕುಣಿತದವನ ಕಾಲು ಸುಮ್ನೆ ಇರುತ್ತದಾ!

ಊಟಿ ಹಂಟ್ ಬ್ರಿಟಿಷರ ಕಾಲದ್ದು. ಇಂಗ್ಲೆಂಡಿನ ಫಾಕ್ಸ್ (ಕೆಂಪು ನರಿ) ಇಲ್ಲಿ ಸಿಗಲಿಲ್ಲ, ಹಾಗಾಗಿ ಫಾಕ್ಸ್‌ಹೌಂಡ್ ತಂದು ವೆನ್‌ಲಾಕ್ ಡೌನ್ಸ್ ಹುಲ್ಲುಗಾವಲಿನಲ್ಲಿ ಗುಳ್ಳೆನರಿ ಹಿಂದೆ ಓಡಿಸಿದರು. 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಅದಕ್ಕೆ ದಾರಿ ಇಲ್ಲ. ಇಂಗ್ಲೆಂಡಿನಲ್ಲೂ 2004ರ ಕಾಯ್ದೆ ನಾಯಿ ಬಿಟ್ಟು ಫಾಕ್ಸ್ ಹಿಡಿಸುವುದನ್ನು ನಿಲ್ಲಿಸಿತು. ಈಗೆಲ್ಲ ವಾಸನೆ ಹಚ್ಚಿದ ಬಟ್ಟೆ ಎಳೆದುಕೊಂಡು ಹೋಗಿ ಹಾದಿ ಮಾಡುತ್ತಾರೆ, ನಾಯಿ ಅದರ ಮೇಲೆ ಹೋಗುತ್ತದೆ. ಕುದುರೆಗೆ ಇದರಲ್ಲಿ ಏನೂ ವ್ಯತ್ಯಾಸ ಇಲ್ಲ, ಅದಕ್ಕೆ ನರಿಯ ಲೆಕ್ಕವೇ ಇಲ್ಲ. ನಾಯಿಗಳ ಕೂಗು, ಕೊಂಬಿನ ಸದ್ದು, ಪಕ್ಕದಲ್ಲಿ ಹತ್ತಾರು ಕುದುರೆ, ಆಮೇಲೆ ನಾಗಾಲೋಟ. ಇಷ್ಟೇ ಅದರ ತಲೆಯಲ್ಲಿ ಕೂತಿರುವುದು.

ಇನ್ನೊಂದು ವಿಷಯ ಜನ ಗಮನಿಸುವುದಿಲ್ಲ. ಹಂಟ್‌ನಲ್ಲಿ ಓಟಕ್ಕಿಂತ ಕಾಯುವುದೂ ಕಡಿಮೆ ಅಲ್ಲ. ನಾಯಿಗಳು ಪೊದೆಯಲ್ಲಿ ವಾಸನೆ ಹುಡುಕುವಾಗ ಕುದುರೆಗಳು ಹೊರಗೆ ನಿಂತಿರಬೇಕು. ಒಂದು ನಾಯಿ ಕೂಗುತ್ತದೆ, ಆಮೇಲೆ ಎಲ್ಲವೂ ಕೂಗುತ್ತವೆ, ತಕ್ಷಣ ಓಟ. ಅಂದರೆ ನೀವು ಲಗಾಮು ಬಿಗಿ ಹಿಡಿದು "ನಿಲ್ಲು" ಅಂದಾಗ ಓಟಕ್ಕೆ ಮುಂಚಿನ ಗಳಿಗೆಯನ್ನೇ ಅವನಿಗೆ ನೆನಪಿಸುತ್ತಿದ್ದೀರಿ. ನಿಲ್ಲಿಸಬೇಡಿ. ನಡೆಸಿ. ದೊಡ್ಡ ಸುತ್ತು, ಆಕಡೆ ತಿರುಗು, ಈಕಡೆ ತಿರುಗು, ಹಿಂಗಾಲು ಪಕ್ಕಕ್ಕೆ ಹಾಕು, ಹೀಗೆ ಏನಾದರೂ ಕೇಳುತ್ತಲೇ ಇರಿ. ಗಟ್ಟಿ ಕಡಿವಾಣ ಅಂದವರ ಮಾತು ಬಿಡಿ. ಬಾಯಿ ನೋವಾದರೆ ತಲೆ ಇನ್ನೂ ಮೇಲೆ ಹೋಗುತ್ತದೆ, ನೋವಿಗೂ ನಾಯಿಗೂ ನಂಟು ಬೆಳೆಯುತ್ತದೆ.

ಹಳೇ_ಸವಾರ

ಇಷ್ಟೆಲ್ಲ ಯಾಕೆ ಸಾರ್. ಕುದುರೆಯನ್ನು ನಾಯಿ ಕೊಟ್ಟಿಗೆ ಪಕ್ಕದಲ್ಲೇ ಗೂಟಕ್ಕೆ ಕಟ್ಟಿ ಬಿಡಿ. ಕುಣಿದು ಸುಸ್ತಾಗಿ ತಾನೇ ಸುಮ್ಮನಾಗುತ್ತದೆ. ನಮ್ಮ ಕಾಲದಲ್ಲಿ ಹೀಗೇ ಮಾಡುತ್ತಿದ್ದದ್ದು.

ಮಡಕಶಿರ_ಅಕ್ಕ

ಮೇಲಿನವರ ಸಲಹೆ ದಯವಿಟ್ಟು ಮಾಡಬೇಡಿ. ಕಟ್ಟಿದ ಕುದುರೆ ಹಿಂದಕ್ಕೆ ಜಗ್ಗಿ ಬಿದ್ದರೆ ಕತ್ತಿಗೆ ಪೆಟ್ಟು, ಹಗ್ಗದಲ್ಲಿ ಕಾಲು ಸಿಕ್ಕಿದರೆ ಮುಗಿಯಿತು. ಸುಸ್ತಾಗಿ ನಿಂತ ಕುದುರೆ ಕಲಿತ ಕುದುರೆ ಅಲ್ಲ.

ತಳಿಯವರೇ, ಮೊದಲು ಏನು ತಿನ್ನಿಸುತ್ತಿದ್ದೀರಿ ಹೇಳಿ. ನಮ್ಮ ಕಡೆ ಕುದುರೆ ಅಂದರೆ ಹುರುಳಿ ಅನ್ನುತ್ತಾರೆ. ಹಂಟ್‌ನಲ್ಲಿ ಓಡುವಾಗ ಕೊಡುತ್ತಿದ್ದ ದಾಣಿಯನ್ನೇ ಈಗಲೂ ಕೊಟ್ಟು ಸಂಜೆ ಅರ್ಧ ಗಂಟೆ ಸವಾರಿ ಮಾಡಿದರೆ ಆ ಕಸುವು ಎಲ್ಲಿಗೆ ಹೋಗಬೇಕು? ಹುಲ್ಲು ಜಾಸ್ತಿ, ದಾಣಿ ಕಡಿಮೆ. 400 ಕೆಜಿ ಕುದುರೆಗೆ ದಿನಕ್ಕೆ ಕಡಿಮೆ ಅಂದರೂ 6 ಕೆಜಿ ಒಣ ಮೇವು ಹೋಗಲೇಬೇಕು. ತಿನ್ನಲಿ ಬಿಡಲಿ, ಕುದುರೆ ಹೊಟ್ಟೆಯಲ್ಲಿ ಆಮ್ಲ ಸುರಿಯುತ್ತಲೇ ಇರುತ್ತದೆ, ಖಾಲಿ ಹೊಟ್ಟೆಯಲ್ಲಿ ಓಡಿಸಿದರೆ ಹುಣ್ಣಾಗುತ್ತದೆ, ಹುಣ್ಣಾದ ಕುದುರೆ ಸಣ್ಣದಕ್ಕೂ ಸಿಡಿಯುತ್ತದೆ. ಜೀನು ಹಾಕುವ ಮುಂಚೆ ಎರಡು ಹಿಡಿ ಹುಲ್ಲು ತಿನ್ನಿಸಿ. ಹಾಗೇ ಪಶುವೈದ್ಯರಿಗೆ ಹಲ್ಲು, ಬೆನ್ನು, ಕಣ್ಣು ತೋರಿಸಿ. 17 ವರ್ಷ ಅಂದರೆ ಕಣ್ಣು ಮಂಜಾಗಿರಬಹುದು, ಸರಿಯಾಗಿ ಕಾಣದ ಕುದುರೆ ಸದ್ದಿಗೆ ಜಾಸ್ತಿ ಕುಣಿಯುತ್ತದೆ.

ಆಮೇಲೆ ಅಭ್ಯಾಸ. ಇದಕ್ಕೆ ಅಳತೆ ಅವನ ಬಾಯಲ್ಲೇ ಇದೆ. ಕೈಯಲ್ಲಿ ಹಗ್ಗ ಹಿಡಿದು ಹುಲ್ಲು ಮೇಯಿಸುತ್ತಾ ನಾಯಿಗಳ ಕಡೆ ನಿಧಾನಕ್ಕೆ ಹೋಗಿ. ನಾಯಿ ಕಂಡ ತಕ್ಷಣ ತಲೆ ಎತ್ತಿ ಕಿವಿ ನೆಟ್ಟಗೆ ಮಾಡುತ್ತಾನೆ, ಪರವಾಗಿಲ್ಲ. ಮತ್ತೆ ತಲೆ ಬಗ್ಗಿಸಿ ಮೇಯ್ದರೆ ಆ ದೂರ ಸರಿ. ಬಾಯಲ್ಲಿ ಹುಲ್ಲು ಇಟ್ಟುಕೊಂಡೇ ಅಗಿಯುವುದು ನಿಲ್ಲಿಸಿ, ದವಡೆ ಕಲ್ಲಿನ ಹಾಗೆ ಬಿಗಿದರೆ ನೀವು ಹತ್ತಿರ ಬಂದುಬಿಟ್ಟಿದ್ದೀರಿ ಅಂತ ತಿಳಿದು ವಾಪಸ್ ತಿರುಗಿಸಿ. ಅವನು ಕುಣಿಯುವ ಮುಂಚೆ ತಿರುಗಿಸಬೇಕು, ಕುಣಿದ ಮೇಲೆ ಅಲ್ಲ. ಅಗಿಯುವಷ್ಟು ದೂರದಲ್ಲೇ ಬೆಲ್ಲದ ಚೂರೋ ಕ್ಯಾರೆಟ್ಟೋ ಕೊಡಿ. ನಾಯಿ ಕೂಗಿತು ಅಂದರೆ ತಿನ್ನಲು ಏನೋ ಬರುತ್ತದೆ ಅಂತ ಅವನಿಗೆ ಗಟ್ಟಿಯಾಗಬೇಕು. ವಾರಗಳಲ್ಲ, ತಿಂಗಳುಗಳ ಕೆಲಸ ಇದು.

ನಾಡಿ ನೋಡಲು ಬಂದರೆ ಇನ್ನೂ ಒಳ್ಳೆಯದು. ದವಡೆ ಮೂಳೆಯ ಕೆಳಗೆ ಒಳಬದಿಯಲ್ಲಿ ಬೆರಳಿಟ್ಟರೆ ಸಿಗುತ್ತದೆ. ಸುಮ್ನೆ ನಿಂತಾಗ ನಿಮಿಷಕ್ಕೆ 28ರಿಂದ 44. ಹೊರಗೆ ಶಾಂತವಾಗಿ ಕಂಡರೂ ನಾಡಿ ಇಳಿದಿಲ್ಲ ಅಂದರೆ ಅವತ್ತಿನ ಅಭ್ಯಾಸ ಅಲ್ಲಿಗೇ ಸಾಕು.

ತಳಿ_ತೋಟದವ

ಅಕ್ಕಾ, ತುಂಬಾ ಉಪಕಾರ. ಬೆಳಗ್ಗೆ ಸಂಜೆ ಬೇಯಿಸಿದ ಹುರುಳಿ ಕೊಡುತ್ತಿದ್ದೇವೆ, ಜೊತೆಗೆ ಬೂಸಾ. ಕೊಟ್ಟವರು ಹಾಗೇ ಹೇಳಿದ್ದರು. ಒಂದು ಪ್ರಶ್ನೆ, ಹೌಂಡ್ ಕೂಗಿನ ರೆಕಾರ್ಡಿಂಗ್ ಮೊಬೈಲಲ್ಲಿ ಹಾಕಿ ಲಾಯದಲ್ಲಿ ಕೇಳಿಸಬಹುದಾ? ನಿದ್ದೆ ಬರುವ ಇಂಜೆಕ್ಷನ್ ವಿಷಯವನ್ನೂ ಒಬ್ಬರು ಹೇಳಿದರು.

ಮಡಕಶಿರ_ಅಕ್ಕ

ದಾಣಿಯನ್ನು ಒಂದೇ ದಿನ ನಿಲ್ಲಿಸಬೇಡಿ, ಹೊಟ್ಟೆನೋವು ಬರುತ್ತದೆ. ದಿನಾ ಸ್ವಲ್ಪ ಸ್ವಲ್ಪ ಇಳಿಸಿ. ರೆಕಾರ್ಡಿಂಗ್ ಕೇಳಿಸಬಹುದು, ಕಿವಿ ಒಮ್ಮೆ ತಿರುಗುವಷ್ಟು ಸಣ್ಣ ಸದ್ದಿನಲ್ಲಿ, ಮೇವು ತಿನ್ನುವಾಗ ಮಾತ್ರ. ಅದರಿಂದಲೇ ಸರಿಹೋಗುತ್ತದೆ ಅಂದುಕೊಳ್ಳಬೇಡಿ, ಓಡುವ ನಾಯಿ ಕಣ್ಣಿಗೆ ಕಾಣುವುದೇ ಬೇರೆ. ಇಂಜೆಕ್ಷನ್ ಡಾಕ್ಟರ್ ಕೈಯಲ್ಲಿ ಮಾತ್ರ. ಮಂಪರಿನಲ್ಲಿರುವ ಕುದುರೆ ಸರಿಯಾಗಿ ಕಲಿಯುವುದಿಲ್ಲ, ಮೇಲೆ ಹತ್ತುವ ಮಾತಂತೂ ಬೇಡವೇ ಬೇಡ.

ಜತ್ತ_ಕಡೆಯವ

ನಮಸ್ಕಾರ್ರೀ. ನಾನು ಸಾಂಗ್ಲಿ ಜಿಲ್ಲೆಯವ, ಮನೆಯಲ್ಲಿ ಮುಧೋಳ ನಾಯಿಗಳಿವೆ, ಅದಕ್ಕೆ ಎರಡು ಮಾತು. ಫಾಕ್ಸ್‌ಹೌಂಡ್ ಮೂಗಿನ ಮೇಲೆ ಹೋಗುವ ನಾಯಿ, ಹಾದಿಯುದ್ದಕ್ಕೂ ಕೂಗುತ್ತಾ ಹೋಗುತ್ತದೆ. ಮುಧೋಳ ಕಣ್ಣಿನ ಮೇಲೆ ಹೋಗುವುದು, ಓಡುವಾಗ ಬಾಯಿ ಬಿಡುವುದು ಕಡಿಮೆ. ಹಾಗಾಗಿ ನಿಮ್ಮ ಕುದುರೆ ಎದ್ದೇಳುವುದು ಊರ ನಾಯಿಗಳ ಕೂಗಿಗೋ ಮುಧೋಳದ ಓಟಕ್ಕೋ, ಮೊದಲು ಬೇರೆ ಬೇರೆ ಮಾಡಿ ನೋಡ್ರಿ. ಪಕ್ಕದವರ ಹತ್ತಿರ ಮಾತಾಡಿ ಒಂದೇ ನಾಯಿ ಹಗ್ಗದಲ್ಲಿ ಹಿಡಿದು ತರಲು ಹೇಳಿ. ಬಯಲಿಗೆ ಬಿಡುವ ಹೊತ್ತು ಅವರು ಹೇಗೂ ಬದಲಾಯಿಸಲ್ಲ, ನಿಮ್ಮ ಸವಾರಿಯನ್ನೇ ಬೆಳಗ್ಗೆಗೆ ಹಾಕಿಕೊಳ್ಳಿ, ಅದರಲ್ಲಿ ನಾಚಿಕೆ ಏನಿದೆ. ಊರ ನಾಯಿ ಇರುವ ಕಡೆ ಕುದುರೆಗೂ ವರ್ಷಕ್ಕೊಮ್ಮೆ ರೇಬೀಸ್ ಲಸಿಕೆ ಹಾಕಿಸಬೇಕು, ಟೆಟನಸ್‌ದೂ ಸೇರಿಸಿ.

ಕಾಸರಗೋಡು_ಕಡಲು

ಒಂಟಿ ಕುದುರೆಯಾ ಮಾರಾಯ್ರೇ? ಹಂಟ್‌ನಲ್ಲಿ ಗುಂಪಿನಲ್ಲೇ ಇದ್ದದ್ದು. ಇನ್ನೊಂದು ಕುದುರೆ ಆಗದಿದ್ದರೆ ಒಂದು ಕತ್ತೆಯಾದರೂ ಜೊತೆಗಿರಲಿ, ಪಕ್ಕದಲ್ಲಿ ಒಬ್ಬ ತಣ್ಣಗೆ ಮೇಯುತ್ತಿದ್ದರೆ ಇವನೂ ಬೇಗ ಇಳಿಯುತ್ತಾನೆ. ಮತ್ತೆ ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ, ಬೆರಳು ಹೋಗುತ್ತದೆ. ಮಡಚಿ ಹಿಡಿಯಿರಿ. ಕೆಳಗೆ ನಿಂತಿದ್ದರೂ ಹೆಲ್ಮೆಟ್ ಇರಲಿ.

ತಳಿ_ತೋಟದವ

ಒಂಟಿಯೇ. ಕತ್ತೆ ವಿಚಾರಿಸುತ್ತೇನೆ, ಡೆಂಕಣಿಕೋಟೆ ಕಡೆ ಸಿಗಬಹುದು. ಪಕ್ಕದ ತೋಟದವರು ಒಪ್ಪಿದ್ದಾರೆ, ಭಾನುವಾರ ಬೆಳಗ್ಗೆ ಒಂದು ನಾಯಿ ಹಿಡಿದು ಕೆರೆ ಏರಿಯ ಆ ತುದಿಯಲ್ಲಿ ನಿಲ್ಲುತ್ತಾರಂತೆ.

ಗೂಡಲೂರು_ಘಾಟಿ

ಏರಿ ಬೇಡ ಅಣ್ಣಾ. ಒಂದು ಕಡೆ ನೀರು, ಒಂದು ಕಡೆ ಇಳಿಜಾರು, ತಿರುಗಿಸಲು ಜಾಗ ಎಲ್ಲಿ? ಬಯಲಲ್ಲೇ ಮಾಡಿ, ನೆಲ ಮೆತ್ತಗಿರುವ ಕಡೆ, ಮನೆ ಕಡೆಗೆ ದಾರಿ ಬಿಟ್ಟುಕೊಂಡು.