ಅಪ್‌ಡೇಟ್: ಬೂಟ್ ಆಗುವಾಗ ನಿಂತುಬಿಡುತ್ತಿದ್ದ ಉಬುಂಟು ಸರ್ವರ್ ಸರಿಹೋಯಿತು

ತುಮಕೂರು ಜಿಲ್ಲೆ ತಿಪಟೂರಿನ ನಮ್ಮ ಕೊಬ್ಬರಿ ಮಂಡಿಯ ಸರ್ವರ್ ಆನ್ ಮಾಡಿದಾಗಲೆಲ್ಲ ನೆಟ್‌ವರ್ಕ್‌ಗೆ ಕಾಯುತ್ತಾ ನಿಲ್ಲುತ್ತದೆ ಅಂತ ಕೇಳಿದ್ದೆನಲ್ಲ, ಈಗ ಸರಿಹೋಗಿದೆ.

ಕೇಬಲ್, ಡಿಎನ್‌ಎಸ್ (ಸೈಟ್ ಹೆಸರಿನಿಂದ ಅದರ ವಿಳಾಸ ಹುಡುಕುವ ವ್ಯವಸ್ಥೆ) ಬದಲಿಸಿದ್ದು ಸುಮ್ನೆ ದಂಡ. ನೆಟ್‌ವರ್ಕ್ ಬರುವವರೆಗೆ ಬೂಟನ್ನು ಕಾಯಿಸುವ ವೇಟ್-ಆನ್‌ಲೈನ್ ಸರ್ವಿಸನ್ನೇ ಮಾಸ್ಕ್ ಮಾಡಿದರೆ (ಓಡದಂತೆ ಪೂರ್ತಿ ತಡೆದರೆ) ಬೂಟ್ ಬೇಗ ಆಯಿತು, ಆದರೆ ನೆಟ್‌ವರ್ಕ್ ಬರುವ ಮೊದಲೇ ಎನ್‌ಎಫ್‌ಎಸ್ (ನೆಟ್‌ವರ್ಕ್‌ನಲ್ಲಿರುವ ಬೇರೆ ಕಂಪ್ಯೂಟರಿನ ಫೋಲ್ಡರ್) ಮೌಂಟ್ ಮಾಡಲು, ಅಂದರೆ ಜೋಡಿಸಿಕೊಳ್ಳಲು ಹೋಗಿ ಫೇಲ್! ಅನ್‌ಮಾಸ್ಕ್ ಮಾಡಿದೆ.

'ಸಿಸ್ಟಮ್‌ಡಿ-ಅನಲೈಜ್ ಬ್ಲೇಮ್' (ಬೂಟ್‌ನಲ್ಲಿ ಯಾವುದಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತ ತೋರಿಸುವ ಕಮಾಂಡ್) ಕೊಟ್ಟು ನೋಡಿ, ನೆಟ್‌ಪ್ಲಾನ್ (ಉಬುಂಟುವಿನ ನೆಟ್‌ವರ್ಕ್ ಸೆಟ್ಟಿಂಗ್) ಫೈಲ್ ತೆರೆಯಿರಿ ಅಂದವರಿಗೆ ಥ್ಯಾಂಕ್ಸ್. ಸರ್ವರ್‌ಗೆ ಎರಡು ಲ್ಯಾನ್ ಪೋರ್ಟ್, ಒಂದಕ್ಕೆ ಕೇಬಲ್ಲೇ ಇಲ್ಲ. ಆದರೂ ಫೈಲಿನಲ್ಲಿ ಎರಡೂ ಇದ್ದವು. ಬಾರದ ಬಸ್ಸಿಗೆ ಕಾದ ಹಾಗೆ ಖಾಲಿ ಪೋರ್ಟಿಗಾಗಿ 120 ಸೆಕೆಂಡ್ ಕಾಯುತ್ತಿತ್ತು. ಫೈಲಿನಲ್ಲಿ ಆ ಖಾಲಿ ಪೋರ್ಟಿನ ಹೆಸರಿನ ಕೆಳಗೆ 'ಆಪ್ಷನಲ್: ಟ್ರೂ' (ಬೂಟ್ ಆಗುವಾಗ ಇದಕ್ಕೆ ಕಾಯಬೇಡ ಅಂತ) ಸೇರಿಸಿ, ಬದಲಾವಣೆ ಜಾರಿಯಾಗಲು 'ನೆಟ್‌ಪ್ಲಾನ್ ಅಪ್ಲೈ' ಕೊಟ್ಟು ರೀಬೂಟ್ ಮಾಡಿದೆ. ಅಷ್ಟೇ.

ಹಾಂ, ಆ ಫೈಲಿನಲ್ಲಿ ಟ್ಯಾಬ್ ಒತ್ತಬೇಡಿ, ಸ್ಪೇಸ್ ಮಾತ್ರ. ಟ್ಯಾಬ್ ಇದ್ದರೆ ನೆಟ್‌ಪ್ಲಾನ್ ಒಪ್ಪುವುದಿಲ್ಲ.