40 ಮೈಕ್ರೋಲೀಟರ್ ಹನಿಯಲ್ಲಿ ಸಿವಿ ಪೀಕ್ ಎಡಕ್ಕೆ ಓಡುತ್ತಿದೆ, ಸಹಾಯ ಬೇಕು

ಸ್ಟ್ರಿಪ್_ಶಿರಸಿ:
ಮೂರು ದಿನದಿಂದ ತಲೆ ಕೆಟ್ಟುಹೋಗಿದೆ. ಸಿವಿ, ಅಂದರೆ ಸೈಕ್ಲಿಕ್ ವೋಲ್ಟಾಮೆಟ್ರಿ (ವೋಲ್ಟೇಜ್ ಏರಿಸಿ ಇಳಿಸಿ ಕರೆಂಟ್ ಅಳೆಯುವುದು; ಗ್ರಾಫ್‌ನಲ್ಲಿ ಕರೆಂಟ್‌ನ ತುದಿಯೇ ಪೀಕ್) ಮಾಡುತ್ತಿದ್ದೇನೆ. ಸ್ಕ್ರೀನ್ ಪ್ರಿಂಟೆಡ್ ಕಾರ್ಬನ್ ಸ್ಟ್ರಿಪ್ (ಎಲೆಕ್ಟ್ರೋಡ್‌ಗಳನ್ನು ಅಚ್ಚು ಹಾಕಿದ ಪಟ್ಟಿ), ಮೇಲೆ 40 ಮೈಕ್ರೋಲೀಟರ್ ಹನಿ, 5 ಮಿಲಿಮೋಲಾರ್ ಫೆರಿ-ಫೆರೋಸಯನೈಡ್ (ಪೀಕ್ ಕೊಡುವ ಕಬ್ಬಿಣದ ಸಂಯುಕ್ತಗಳ ಜೋಡಿ). ಹೋದ ವಾರ ಚೆನ್ನಾಗಿತ್ತು. ಈಗ ಎರಡೂ ಪೀಕ್ 90 ಮಿಲಿವೋಲ್ಟ್‌ನಷ್ಟು ಎಡಕ್ಕೆ. ಒಂದೊಂದು ಸ್ಟ್ರಿಪ್‌ಗೆ ಒಂದೊಂದು ಜಾಗ. ನಾನು ಏನೂ ಬದಲಾಯಿಸಿಲ್ಲ. ಹೊಸ ಪ್ಯಾಕೆಟ್ ಒಡೆದರೂ ಅದೇ ಕಥೆ.

ಕುಡ್ಲ_ಸಿವಿ:
ಹನಿ ಆರುತ್ತಿದೆ. ಫ್ಯಾನ್ ಆಫ್ ಮಾಡಿ ನೋಡಿ.

ತಂತಿ77:
ಎಡ ಅಂದರೆ ಪ್ಲಸ್ಸೋ ಮೈನಸ್ಸೋ? ನಮ್ಮ ಸಾಫ್ಟ್‌ವೇರ್‌ನಲ್ಲಿ ಪ್ಲಸ್ ಎಡಕ್ಕೆ ಬರುತ್ತದೆ.

ಸ್ಟ್ರಿಪ್_ಶಿರಸಿ:
ಮೈನಸ್ ಕಡೆಗೆ. ಎಲ್ಲರೂ ಹಾಗೇ ಹಾಕುತ್ತಾರೆ ಅಲ್ವಾ?

ತಂತಿ77:
ಇಲ್ಲ, ಎಲ್ಲರೂ ಹಾಕಲ್ಲ. ಹಳೇ ಪೇಪರ್‌ಗಳನ್ನು ತೆಗೆದು ನೋಡಿ.

ಕುಡ್ಲ_ಸಿವಿ:
ಅದು ಬಿಡಿ. ನಾನು ಮುಚ್ಚಳ ಇರುವ ಊಟದ ಡಬ್ಬಿಗೆ ವೈರ್ ಹೋಗುವಷ್ಟು ತೂತು ಕೊರೆದು, ಒಳಗೆ ಒದ್ದೆ ಹತ್ತಿ ಇಟ್ಟಿದ್ದೇನೆ. ಅರ್ಧ ಗಂಟೆಯಾದರೂ ಹನಿ ಕುಗ್ಗಲ್ಲ. ಫೋಟೋ ಬೇಕಾ?

ಬೆಳ್ಳಿಗೆರೆ:
ಸರ್, ಹನಿ ಅರ್ಧಕ್ಕೆ ಇಳಿದರೂ ಕ್ಲೋರೈಡ್ ಸಾಂದ್ರತೆ ಎರಡು ಪಟ್ಟು ಆಗುತ್ತದೆ, ಅಷ್ಟೇ. ಅದರಿಂದ ರೆಫರೆನ್ಸ್ (ವೋಲ್ಟೇಜ್ ಅಳೆಯಲು ಆಧಾರವಾದ ಬೆಳ್ಳಿ-ಸಿಲ್ವರ್ ಕ್ಲೋರೈಡ್ ಎಲೆಕ್ಟ್ರೋಡ್; ಅದರ ವೋಲ್ಟೇಜ್ ಸುತ್ತಲಿನ ಕ್ಲೋರೈಡ್ ಮೇಲೆ ನಿಂತಿದೆ) ಸರಿಯುವುದು ಸುಮಾರು 18 ಮಿಲಿವೋಲ್ಟ್. ಅದೂ ಪೀಕ್ ಪ್ಲಸ್ ಕಡೆಗೆ ಹೋಗಬೇಕು. ಇದು ಉಲ್ಟಾ. ಶಿರಸಿಯವರೇ, ಬಫರ್ (ಪಿಹೆಚ್ ಬದಲಾಗದಂತೆ ಕಾಯುವ ದ್ರಾವಣ) ಯಾವುದು?

ಸ್ಟ್ರಿಪ್_ಶಿರಸಿ:
ಫಾಸ್ಫೇಟ್, ಪಿಹೆಚ್ 7.4. ಪಿಬಿಎಸ್ (ಉಪ್ಪು ಸೇರಿದ ಫಾಸ್ಫೇಟ್ ಬಫರ್) ಮುಗಿದಿತ್ತು, ಪೊಟ್ಯಾಸಿಯಂ ಫಾಸ್ಫೇಟ್‌ನಲ್ಲಿ ನಾನೇ ಮಾಡಿಕೊಂಡೆ. ಪಿಹೆಚ್ ಎರಡು ಸಲ ಅಳೆದಿದ್ದೇನೆ.

ಬೆಳ್ಳಿಗೆರೆ:
ಸಿಕ್ಕಿತು. ಪಿಬಿಎಸ್‌ನಲ್ಲಿ 140 ಮಿಲಿಮೋಲಾರ್ ಹತ್ತಿರ ಕ್ಲೋರೈಡ್ ಇರುತ್ತದೆ. ನಿಮ್ಮ ಬಫರ್‌ನಲ್ಲಿ ಅದೇ ಇಲ್ಲ. ಬೀಕರ್‌ನಲ್ಲಿ ಇಡುವ ರೆಫರೆನ್ಸ್‌ಗೆ ಗಾಜಿನ ಕೊಳವೆಯೊಳಗೆ ತನ್ನದೇ ಕೆಸಿಎಲ್ (ಪೊಟ್ಯಾಸಿಯಂ ಕ್ಲೋರೈಡ್) ಇದೆ. ಸ್ಟ್ರಿಪ್ ಮೇಲಿನ ಬೆಳ್ಳಿ ಗೆರೆ ನೇರವಾಗಿ ಹನಿಯಲ್ಲೇ ಕೂತಿದೆ. ಹನಿಯಲ್ಲಿ ಕ್ಲೋರೈಡ್ ಇಲ್ಲದಿದ್ದರೆ ಅದಕ್ಕೆ ನಿಲ್ಲಲು ನೆಲೆಯಿಲ್ಲ. 10 ಎಂಎಲ್ ಬಫರ್‌ಗೆ 75 ಮಿಲಿಗ್ರಾಂ ಕೆಸಿಎಲ್ ಹಾಕಿ, 0.1 ಮೋಲಾರ್ ಆಗುತ್ತದೆ.

ತಂತಿ77:
ಐಆರ್ ಡ್ರಾಪ್ (ದ್ರಾವಣದ ರೋಧದಿಂದ ಕಳೆದುಹೋಗುವ ವೋಲ್ಟೇಜ್) ಕೂಡ ನೋಡಬೇಕು. ನಾನೇ ಕಟ್ಟಿದ ಪೊಟೆನ್ಷಿಯೋಸ್ಟಾಟ್‌ನಲ್ಲಿ (ವೋಲ್ಟೇಜ್ ಕೊಟ್ಟು ಕರೆಂಟ್ ಅಳೆಯುವ ಯಂತ್ರ) ಅದನ್ನು ಸರಿದೂಗಿಸುವ ಸರ್ಕ್ಯೂಟ್ ಹಾಕಿದ್ದೇನೆ.

ಬೆಳ್ಳಿಗೆರೆ:
ಐಆರ್ ಆಗಿದ್ದರೆ ಎರಡು ಪೀಕ್ ಒಂದರಿಂದ ಒಂದು ದೂರ ಹೋಗುತ್ತಿದ್ದವು. ಇಲ್ಲಿ ಎರಡೂ ಒಟ್ಟಿಗೆ ಸರಿದಿವೆ.

ಸ್ಟ್ರಿಪ್_ಶಿರಸಿ:
ಕೆಸಿಎಲ್ ಹಾಕಿದೆ. ಮೂರು ಸ್ಟ್ರಿಪ್‌ನಲ್ಲೂ ಪೀಕ್ 5 ಮಿಲಿವೋಲ್ಟ್ ಒಳಗೇ ನಿಂತಿತು! ತುಂಬಾ ಥ್ಯಾಂಕ್ಸ್. ಬಫರ್ ವಿಷಯ ಮೊದಲೇ ಹೇಳಬೇಕಿತ್ತು. ಆದರೆ 10ನೇ ಸ್ಕ್ಯಾನ್ ಹೊತ್ತಿಗೆ ಕರೆಂಟ್ ಸುಮಾರು 12% ಏರುತ್ತಿದೆ. ಹನಿಯ ಅಂಚಿನಲ್ಲಿ ಸಣ್ಣ ಬಿಳಿ ಉಪ್ಪಿನ ಗೆರೆ ಕಾಣುತ್ತಿದೆ.

ಕುಡ್ಲ_ಸಿವಿ:
ಅದು ಆರುವುದೇ. ಡಬ್ಬಿಯ ಫೋಟೋ ಹಾಕುತ್ತೇನೆ, ತೂತು ಎಲ್ಲಿ ಕೊರೆಯಬೇಕು ಅಂತ ಗುರುತು ಮಾಡಿದ್ದೇನೆ.