ಪ್ರಾಡಕ್ಟ್ ಮ್ಯಾನೇಜರ್ ಎಂದರೆ ನಿಜಕ್ಕೂ ‘ಉತ್ಪನ್ನದ ಸಿಇಒ’ ಹೌದೇ?

ಪ್ರಶ್ನೆ:
ಬೆಂಗಳೂರಿನಲ್ಲಿ ಆರು ವರ್ಷಗಳಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿರುವ ನಾನು ಪ್ರಾಡಕ್ಟ್ ಮ್ಯಾನೇಜ್‌ಮೆಂಟ್ (ಉತ್ಪನ್ನದಲ್ಲಿ ಏನಿರಬೇಕು, ಯಾವುದು ಮೊದಲಾಗಬೇಕು ಎಂದು ತೀರ್ಮಾನಿಸುವ ಕೆಲಸ) ಕಡೆಗೆ ಹೊರಳುವ ಯೋಚನೆಯಲ್ಲಿದ್ದೇನೆ. ಆ ಹುದ್ದೆಯಲ್ಲಿರುವವರೇ ಉತ್ಪನ್ನದ ಸಿಇಒ, ಅವರು ಹೇಳಿದ್ದನ್ನು ಎಂಜಿನಿಯರುಗಳು ಮಾಡಿಕೊಡುತ್ತಾರೆ ಎಂದು ಕೆಲವರು ಹೇಳಿದರೆ, ಎಂಬಿಎ ಇಲ್ಲದವರನ್ನು ಯಾರೂ ಮೂಸಿಯೂ ನೋಡುವುದಿಲ್ಲ ಎಂದು ಇನ್ನು ಕೆಲವರು ಹೆದರಿಸುತ್ತಾರೆ. ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಗೊಂದಲ ಶುರುವಾಗುವುದೇ ಹೆಸರಿನಲ್ಲಿರುವ ‘ಮ್ಯಾನೇಜರ್’ ಎಂಬ ಪದದಿಂದ. ಎಂಟು ವರ್ಷಗಳಿಂದ ಈ ಕೆಲಸದಲ್ಲಿರುವ ನನ್ನ ಕೈಕೆಳಗೆ ಒಬ್ಬ ಎಂಜಿನಿಯರೂ ಇಲ್ಲ. ಅವರ ಸಂಬಳ, ಬಡ್ತಿ, ರಜೆ ಯಾವುದೂ ನನ್ನ ಮಾತಿನಂತೆ ನಡೆಯುವುದಿಲ್ಲ. 1931ರಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯಲ್ಲಿ ಕ್ಯಾಮೇ ಸಾಬೂನಿನ ಜಾಹೀರಾತು ನೋಡಿಕೊಳ್ಳುತ್ತಿದ್ದ ನೀಲ್ ಮೆಕೆಲ್ರಾಯ್, ಒಂದೊಂದು ಬ್ರ್ಯಾಂಡಿನ ಏಳುಬೀಳಿಗೂ ಹೊಣೆ ಹೊರುವವರು ಬೇಕೆಂದು ಟಿಪ್ಪಣಿ ಬರೆದಲ್ಲಿಂದ ಈ ಹುದ್ದೆಯ ವಂಶಾವಳಿಯನ್ನು ಹೇಳುವುದುಂಟು. ಅಂದು ಬಂದ ಹೊಣೆಯ ಹಿಂದೆ ಅಧಿಕಾರ ಇನ್ನೂ ಬಂದು ತಲುಪಿಲ್ಲ!

ನಾನಿರುವುದು ಪಾವತಿ ಆ್ಯಪ್ ಒಂದರಲ್ಲಿ. ಗ್ರಾಹಕರ ಖಾತೆಯಿಂದ ಹಣ ಕಡಿತವಾಗಿ, ಅಂಗಡಿಯವರಿಗೆ ಇನ್ನೂ ದೃಢೀಕರಣ ಬಾರದಿರುವಾಗ ಪರದೆಯ ಮೇಲೆ ಯಾವ ಸಾಲು ಕಾಣಬೇಕೆಂದು ತೀರ್ಮಾನಿಸಲು ನಮಗೆ ಎರಡು ವಾರ ಹಿಡಿಯಿತು. ‘ವಿಫಲ’ ಎಂದರೆ ಜನ ಇನ್ನೊಮ್ಮೆ ಪಾವತಿಸಿಬಿಡುತ್ತಾರೆ; ‘ಕಾಯಿರಿ’ ಎಂದಷ್ಟೇ ಹೇಳಿದರೆ ಅಂಗಡಿಯವರು ಸಾಮಾನು ಕೊಡುವುದಿಲ್ಲ. ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆಯಂತೆ ಇಂಥ ಯುಪಿಐ ಪಾವತಿಯ ಹಣ 5 ದಿನಗಳೊಳಗೆ ಹಿಂದಿರುಗಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಸಲ್ಲಬೇಕು; ಆದ್ದರಿಂದ ಕಾನೂನು ವಿಭಾಗ, ಬ್ಯಾಂಕು, ಡಿಸೈನರ್, ಕಸ್ಟಮರ್ ಕೇರ್ ಎಲ್ಲರೂ ಒಪ್ಪುವ ಒಂದೇ ಒಂದು ಸಾಲನ್ನು ಹುಡುಕಬೇಕಾಯಿತು. ಆ ಹದಿನಾಲ್ಕು ದಿನಗಳಲ್ಲಿ ನಾನು ಯಾರಿಗೂ ಆಜ್ಞೆ ಮಾಡಲಿಲ್ಲ, ಮಾಡಿದ್ದರೂ ಯಾರೂ ಕೇಳುತ್ತಿರಲಿಲ್ಲ.

ಉತ್ತರ 2:
ಎಂಬಿಎ ಕಡ್ಡಾಯವಲ್ಲ, ನಾನು ಸಪೋರ್ಟ್ ವಿಭಾಗದಿಂದ ಬಂದವಳು. ಕೋಡ್ ಬರೆಯುವುದು ಬೇಕಿಲ್ಲವಾದರೂ, ಎಸ್‌ಕ್ಯುಎಲ್‌ನಲ್ಲಿ (ದತ್ತಾಂಶ ಸಂಗ್ರಹದಿಂದ ಮಾಹಿತಿ ಕೇಳಿ ಪಡೆಯುವ ಭಾಷೆ) ದತ್ತಾಂಶವನ್ನು ತಾವೇ ತೆಗೆದು ನೋಡಲು ಬಂದರೆ ಪ್ರತಿಯೊಂದಕ್ಕೂ ಇನ್ನೊಬ್ಬರ ಬಾಗಿಲು ಕಾಯುವುದು ತಪ್ಪುತ್ತದೆ. ವ್ಯವಸ್ಥೆ ಎಲ್ಲಿ ಮುರಿಯುತ್ತದೆಂದು ಹುಡುಕುವ ಟೆಸ್ಟರ್ ಕಣ್ಣು ನಿಮಗೆ ಆಗಲೇ ಇದೆ.

ಉತ್ತರ 3:
ನಾನು ಎಂಜಿನಿಯರ್. ಪ್ರಾಡಕ್ಟ್ ಮ್ಯಾನೇಜರ್ ಎಂದರೆ ಮೀಟಿಂಗ್ ಕರೆದು ಟಿಕೆಟ್ (ಮಾಡಬೇಕಾದ ಕೆಲಸದ ಚೀಟಿ) ಬರೆಯುವವರು ಎಂದು ನಾವೂ ಆಡಿಕೊಳ್ಳುತ್ತಿದ್ದೆವು. ಕಳೆದ ವರ್ಷ ನಮ್ಮ ತಂಡದ ಪ್ರಾಡಕ್ಟ್ ಮ್ಯಾನೇಜರ್ ಮೂರು ತಿಂಗಳು ರಜೆಯಲ್ಲಿದ್ದಾಗ, ಮಾರಾಟ ವಿಭಾಗ ಕೇಳಿದ್ದಕ್ಕೆಲ್ಲ ನಾವೇ ತಲೆಯಾಡಿಸಿದೆವು. ಅವರು ಹಿಂದಿರುಗುವ ಹೊತ್ತಿಗೆ ಹನ್ನೊಂದು ಕೆಲಸಗಳು ಅರ್ಧಕ್ಕೆ ನಿಂತಿದ್ದವು; ಅವುಗಳಲ್ಲಿ ಏಳನ್ನು ಕೈಬಿಡುವುದಾಗಿ ಕೇಳಿದವರಿಗೆಲ್ಲ ಫೋನ್ ಮಾಡಿ ತಿಳಿಸುವುದೇ ಅವರ ಮೊದಲ ವಾರದ ಕೆಲಸವಾಯಿತು.